ಕೂಲಿ ಬಾಕಿ ಇಟ್ಟುಕೊಂಡು ತೆನೆ ಹಬ್ಬವೇ?

ಮಾನ್ಯ ಸಂಪಾದಕರೇ,

ಧರ್ಮ ಎಂಬುದು ಮನೆಯೊಳಗೆ, ದೇವಸ್ಥಾನ-ಚರ್ಚುಗಳ ಕಾಂಪೌಂಡಿನೊಳಗೆ ಇದ್ದರೆ ಸಾಕು ಎಂದು ಓದುಗರೊಬ್ಬರು ಇದೇ ಅಂಕಣದಲ್ಲಿ ಬರೆದಿದ್ದರು. ಅವರ ಬೇಸರ ಅರ್ಥವಾಗುತ್ತದೆ. ಮೈಕು, ಮೆರವಣಿಗೆ, ಜಗಳ ನೋಡಿ ಎಲ್ಲರಿಗೂ ಸಾಕಾಗಿದೆ. ಆದರೆ ನನ್ನ ಧರ್ಮ ಚರ್ಚಿನೊಳಗೇ ಕೂತುಬಿಟ್ಟರೆ ನಷ್ಟವಾಗುವುದು ನನ್ನ ತೋಟಕ್ಕೆ ಬರುವ ಕೆಲಸದವರಿಗೆ.

ನಮ್ಮ ಮನೆಮಾತು ಕೊಂಕಣಿ, ನಾವು ಕಥೋಲಿಕರು. ಇರುವುದು ಸ್ವಲ್ಪ ಅಡಿಕೆ, ನಾಲ್ಕಾರು ತೆಂಗು. ಚಿಕ್ಕವರಿದ್ದಾಗ ದೊತೊರ್ನ್ (ಧರ್ಮೋಪದೇಶ) ಕ್ಲಾಸಿನಲ್ಲಿ ಬಾಯಿಪಾಠ ಮಾಡಿಸುತ್ತಿದ್ದ ಪಟ್ಟಿಗಳಲ್ಲಿ 'ಸ್ವರ್ಗಕ್ಕೆ ಮೊರೆಯಿಡುವ ಪಾಪಗಳು' ಎಂಬ ನಾಲ್ಕರ ಪಟ್ಟಿಯೂ ಇತ್ತು. ಕೊಲೆ ಒಂದು. ಕೂಲಿಯವನಿಗೆ ಕೂಲಿ ಕೊಡದೆ ಮೋಸ ಮಾಡುವುದು ಇನ್ನೊಂದು. ಕೊಲೆಯ ಸಾಲಿನಲ್ಲಿ ಕೂಲಿಯೂ ಇದೆಯಲ್ಲ ಅಂತ ಆಗ ನಗು ಬಂದಿತ್ತು. ಬೈಬಲಿನ ಧರ್ಮೋಪದೇಶಕಾಂಡದ 24ನೇ ಅಧ್ಯಾಯದಲ್ಲಿ ಕಾರಣ ಸಿಗುತ್ತದೆ. ಹೊತ್ತು ಮುಳುಗುವ ಮೊದಲು ಕೂಲಿ ಕೊಡಬೇಕು, ಅವನು ಬಡವ, ಅದನ್ನೇ ನಂಬಿಕೊಂಡಿದ್ದಾನೆ. ಅಷ್ಟೇ. ನಮ್ಮ ಅಪ್ಪ ಕೆಲಸದವರ ಲೆಕ್ಕ ಮುಗಿಸದೆ ಸಂಜೆಯ ತೇರ್ಸಿಗೆ (ಜಪಮಾಲೆ ಪ್ರಾರ್ಥನೆಗೆ) ಮೊಣಕಾಲೂರಿದವರಲ್ಲ.

ಹೇಳುವುದು ಸುಲಭ. ಅಡಿಕೆಯ ದುಡ್ಡು ಕೈಗೆ ಬರುವುದು ಕೊಯ್ದು, ಒಣಗಿಸಿ, ಸುಲಿದು, ಮಾರಿದ ಮೇಲೆ. ಮದ್ದು ಬಿಡುವವರಿಗೆ ಕೂಲಿ ಕೊಡಬೇಕಾದದ್ದು ಮಾತ್ರ ಮಳೆಗಾಲದಲ್ಲಿ, ಮಕ್ಕಳ ಫೀಸು ಕಟ್ಟಿ ಕೈ ಖಾಲಿಯಾದಾಗ. 'ಮುಂದಿನ ವಾರ ಕೊಡುತ್ತೇನೆ ಮಾರಾಯ' ಎಂಬ ಮಾತು ಹುಟ್ಟುವುದೇ ಅಲ್ಲಿ. ಅದಕ್ಕೇ ನಾವು ಅಡಿಕೆ ಮಾರಿದ ದಿನವೇ ಮಳೆಗಾಲದ ಕೂಲಿಯನ್ನು ಬೇರೆ ತೆಗೆದಿಡುತ್ತೇವೆ. ಉಳಿದದ್ದು ನಮ್ಮದು.

ಭಾನುವಾರದ ವಿಷಯ ಇನ್ನೂ ತೊಡಕಿನದು. ಜುಲೈಯಲ್ಲಿ ವಾರವಿಡೀ ಮಳೆ ಸುರಿದು ಭಾನುವಾರ ಬೆಳಿಗ್ಗೆಯೇ ಬಿಸಿಲು ಬರುತ್ತದೆ. ಮೈಲುತುತ್ತು, ಸುಣ್ಣ ಎರಡೂ ಕೊಟ್ಟಿಗೆಯಲ್ಲಿ ಕಾಯುತ್ತಿರುತ್ತವೆ. ಈ ದಿನ ಇವೆರಡನ್ನು ಕಲಸಿದ ಬೋರ್ಡೋ ಮದ್ದು ಬಿಡದಿದ್ದರೆ ಕಾಯಿ ಉದುರಿಸುವ ಕೊಳೆರೋಗ ಗ್ಯಾರಂಟಿ. ಆದರೆ ವಿಶ್ರಾಂತಿಯ ಕಟ್ಟಳೆ ಮನೆ ಯಜಮಾನನಿಗೆ ಮಾತ್ರ ಅಲ್ಲ, ಆಳಿಗೂ ಎತ್ತಿಗೂ ಅನ್ವಯ ಎಂದು ಬೈಬಲಿನ ಅದೇ ಕಾಂಡದಲ್ಲಿ ಬರೆದಿದೆ. ನಾನು ಇಸ್ತ್ರಿ ಶರ್ಟು ಹಾಕಿಕೊಂಡು ಚರ್ಚಿನ ಪೂಜೆಗೆ ಹೋಗುವುದು, ಅವನು ಜಾರುವ ಮರದ ತುದಿಯಲ್ಲಿ ನೇತಾಡುವುದು, ಇದು ಸರಿಯಾ? 'ಎತ್ತು ಬಾವಿಗೆ ಬಿದ್ದರೆ ಸಬ್ಬತ್ ದಿನವೂ ಎತ್ತಬಹುದು ಅಂತ ಯೇಸುವೇ ಹೇಳಿಲ್ವಾ' ಎಂದು ನನ್ನ ಹೆಂಡತಿ ಕೇಳುತ್ತಾಳೆ. ಅದೂ ಹೌದು. ಈಗ ಹೀಗೆ ಮಾಡಿಕೊಂಡಿದ್ದೇವೆ. ಮರ ಹತ್ತುವವನನ್ನೇ ಕೇಳುವುದು. ಅವನು ಒಪ್ಪಿದರೆ ಪೂಜೆ ಮುಗಿಸಿ ಬಂದು ಕೆಲಸ, ಮರುದಿನ ಅವನಿಗೆ ಸಂಬಳದ ರಜೆ. ಅವನ ಊರಿನಲ್ಲಿ ನೇಮ (ಭೂತಕೋಲ) ಇದ್ದರೆ ಕೇಳುವುದೇ ಇಲ್ಲ. ಕೊಳೆರೋಗ ಬಂದರೆ ಬರಲಿ ಎನ್ನುವಷ್ಟು ದೊಡ್ಡ ಭಕ್ತ ನಾನಲ್ಲ. ಉದುರಿದ ಕಾಯಿ ನೋಡಿದರೆ ಹೊಟ್ಟೆ ಉರಿಯುತ್ತದೆ.

ಯೇಸು ಹೇಳಿದ ದ್ರಾಕ್ಷಿತೋಟದ ಸಾಮತಿ (ದೃಷ್ಟಾಂತ ಕಥೆ) ಕೇಳಿದ್ದೀರಾ? ಸಂಜೆ ಒಂದು ಗಂಟೆ ದುಡಿದವನಿಗೂ ಯಜಮಾನ ದಿನವಿಡೀ ದುಡಿದವನಷ್ಟೇ ಕೂಲಿ ಕೊಡುತ್ತಾನೆ. ಫಾದರ್ ಎಷ್ಟು ವಿವರಿಸಿದರೂ ಅದು ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ. ನಾಳೆ ನಾನು ಹಾಗೆ ಕೊಟ್ಟರೆ ನಾಡಿದ್ದು ಬೆಳಿಗ್ಗೆ ಯಾರು ಬರುತ್ತಾರೆ? ಆದರೆ ಮಳೆ ಬಂದು ಮಧ್ಯಾಹ್ನಕ್ಕೇ ಕೆಲಸ ನಿಂತರೆ ಅರ್ಧ ಕೂಲಿ ಎಂಬ ರೂಢಿ ನನ್ನಲ್ಲಿಲ್ಲ. ಮಳೆ ತಂದದ್ದು ಅವನಲ್ಲವಲ್ಲ. ರೇಟು ಹಾಳು ಮಾಡುತ್ತೀರಿ ಎಂದು ಅಕ್ಕಪಕ್ಕದವರು ಗೊಣಗುತ್ತಾರೆ. ಬ್ಯಾರಿ (ಕರಾವಳಿಯ ಮುಸ್ಲಿಂ) ಸ್ನೇಹಿತರೊಬ್ಬರು ಮಾತ್ರ, 'ಬೆವರು ಆರುವ ಮೊದಲು ಕೂಲಿ ಕೊಡಿ ಅಂತ ನಮ್ಮ ಪ್ರವಾದಿಯವರೂ ಹೇಳಿದ್ದಾರೆ' ಎಂದರು.

ಇದೇನು ನನ್ನ ಸ್ವಂತ ವ್ಯಾಖ್ಯಾನವಲ್ಲ. ಕಾರ್ಮಿಕನಿಗೆ ನ್ಯಾಯವಾದ ಕೂಲಿ ಸಿಗಬೇಕೆಂದು 13ನೇ ಲಿಯೋ ಪೋಪರು 1891ರಲ್ಲೇ ಪರಿಪತ್ರ ಬರೆದಿದ್ದರು. 2025ರ ಮೇಯಲ್ಲಿ ಆಯ್ಕೆಯಾದ ಹೊಸ ಪೋಪರು ಮುಖ್ಯವಾಗಿ ಅವರನ್ನು ನೆನೆದೇ 14ನೇ ಲಿಯೋ ಎಂಬ ಹೆಸರಿಟ್ಟುಕೊಂಡರು. ಆ ಸುದ್ದಿ ಓದಿ ನಮ್ಮವರು ಖುಷಿಪಟ್ಟದ್ದೇನೋ ನಿಜ. ಆದರೆ ಚರ್ಚಿನ ಮುಂದಿನ ಬೆಂಚಿನಲ್ಲೇ ಕೂತುಕೊಂಡು, ಜಾರ್ಖಂಡಿನಿಂದ ಬಂದ ಹುಡುಗನ ಎರಡು ತಿಂಗಳ ದುಡ್ಡು ಹಿಡಿದಿಟ್ಟುಕೊಂಡವರು ನಮ್ಮಲ್ಲೇ ಇದ್ದಾರೆ. ಕಾಣಿಕೆ ಡಬ್ಬಿಗೆ ನೋಟು ಹಾಕಲು ಅವರ ಕೈ ಹಿಂಜರಿಯುವುದಿಲ್ಲ.

ಸೆಪ್ಟೆಂಬರ್ 8ಕ್ಕೆ ತೆನೆ ಹಬ್ಬ, ಮೊಂತಿ ಫೆಸ್ತ್, ಅಂದರೆ ಹೊಸ ತೆನೆಯೊಂದಿಗೆ ಯೇಸುವಿನ ತಾಯಿ ಮರಿಯಮ್ಮನ ಹುಟ್ಟುಹಬ್ಬ. ಮಕ್ಕಳು ಮರಿಯಮ್ಮನಿಗೆ ಹೂ ಹಾಕುವ ಫೋಟೋ ನೀವು ಪ್ರತಿವರ್ಷ ಚೆನ್ನಾಗಿ ಹಾಕುತ್ತೀರಿ. ಅದಕ್ಕೂ ಮೊದಲು ಒಂಬತ್ತು ದಿನ ನೊವೆನಾ ಪ್ರಾರ್ಥನೆ ಇರುತ್ತದೆ, ಆಗಸ್ಟ್ 30ರಿಂದ. ಅಷ್ಟರೊಳಗೆ ಕೂಲಿ ಬಾಕಿ ಇರುವವರೆಲ್ಲ ಚುಕ್ತಾ ಮಾಡಬೇಕೆಂದು ವಾಳೆಯ (ಚರ್ಚಿನ ವಾರ್ಡಿನ) ಸಭೆಯಲ್ಲಿ ಹೇಳಿ ಎಂದು ವಾಳೆಯ ಮುಖಂಡರಾದ ನಮ್ಮ ಗುರ್ಕಾರರನ್ನು ಕೇಳಿಕೊಂಡಿದ್ದೇನೆ. ದಯವಿಟ್ಟು ನೀವೂ ಇದನ್ನು ಅಚ್ಚು ಹಾಕಿ. ಸಭೆಗೆ ಬರುವವರಿಗಿಂತ ಪೇಪರ್ ಓದುವವರು ನಮ್ಮಲ್ಲಿ ಜಾಸ್ತಿ.

– ಒಬ್ಬ ಅಡಿಕೆ ಕೃಷಿಕ, ಬೆಳ್ತಂಗಡಿ ತಾಲ್ಲೂಕು