ರೀಲು ಗುಜರಿಗೆ ಹಾಕಲು ಅಷ್ಟೇನು ಅವಸರವಿತ್ತು?

ಮಾನ್ಯ ಸಂಪಾದಕರೇ,

ನಮ್ಮ ಕಾರವಾರದ ಹಳೇ ಟಾಕೀಸಿನ ಕಟ್ಟಡ ತೆರವಿನ ವರದಿಯನ್ನು ನಿನ್ನೆ ನಿಮ್ಮ ಪತ್ರಿಕೆಯಲ್ಲಿ ಓದಿದೆ. ಅದರಲ್ಲಿ ಅಧಿಕಾರಿಗಳ ಮಾತಷ್ಟೇ ಇದೆ. ಒಳಗಿಂದ ತೆಗೆದು ಬೀದಿಗೆ ಎಸೆದದ್ದು ಏನು ಎಂಬುದೇ ಇಲ್ಲ. ನಾನು ಅಲ್ಲೇ ನಿಂತಿದ್ದೆ. ಸುರಿಯುವ ಮಳೆಯಲ್ಲಿ ಚರಂಡಿಯ ಪಕ್ಕ ರಾಶಿ ಹಾಕಿದ್ದು ಸಿನಿಮಾ ರೀಲಿನ ತಗಡಿನ ಡಬ್ಬಿಗಳು, ಅದರ ಬದಿಗೆ ಕೆಳಗಿನ ಫೋಟೊ ಸ್ಟುಡಿಯೊದ ನೆಗೆಟಿವ್ ತುಂಬಿದ ಟ್ರಂಕುಗಳು. ಒಂದು ತಾಡಪತ್ರೆ ಹೊದೆಸುವ ಪುರುಸೊತ್ತೂ ಯಾರಿಗೂ ಇರಲಿಲ್ಲ. ಮಧ್ಯಾಹ್ನ ಗುಜರಿಯ ಟೆಂಪೊ ಬಂತು, ತೂಕ ಹಾಕಿ ಎಲ್ಲ ಒಯ್ದರು.

ತೆರವಿನ ನೋಟಿಸು ಅಂಟಿಸಿದ ದಿನವೇ ಈ ರೀಲು, ನೆಗೆಟಿವ್ ಉಳಿಸಿ ಎಂದು ನಾನು ಸಂಬಂಧಪಟ್ಟವರಿಗೆ ಅರ್ಜಿ ಬರೆದು ಕೊಟ್ಟಿದ್ದೆ. ಕೆಲಸಕ್ಕೆ ರಜೆ ಹಾಕಿ, ಗಾಡಿ ನಿಲ್ಲಿಸಲು ಜಾಗ ಸಿಗದೆ ದೂರ ಬಿಟ್ಟು, ನೀರು ತುಂಬಿದ ರಸ್ತೆಯಲ್ಲಿ ಪ್ಯಾಂಟು ಮಡಚಿಕೊಂಡು ಹೋದರೆ ಸಾಹೇಬರು ಮೀಟಿಂಗಿನಲ್ಲಿ. ಪ್ರಭಾರದವರು ಕುಮಟಾಕ್ಕೆ ಹೋಗಿದ್ದಾರಂತೆ. ಟಪಾಲಿನಲ್ಲಿ ಕೊಟ್ಟು ಹೋಗಿ ಎಂದರು, ಸೀಲು ಹಾಕಿಸಿಕೊಂಡು ಬಂದೆ. ಆ ಸೀಲಿನ ಪ್ರತಿ ಈಗಲೂ ನನ್ನ ಹತ್ತಿರ ಇದೆ, ಯಾರಿಗೆ ಬೇಕಾದರೂ ತೋರಿಸುತ್ತೇನೆ. ಮತ್ತೆ ವಿಚಾರಿಸಲು ಹೋದಾಗ ಅಲ್ಲಿದ್ದವರೊಬ್ಬರು, “ಈಗ ಎಲ್ಲ ಯೂಟ್ಯೂಬಲ್ಲಿ ಸಿಗ್ತದಲ್ಲ ಮಾರಾಯ್ರೆ, ಇದ್ಯಾಕೆ?” ಎಂದರು.

ಯೂಟ್ಯೂಬಲ್ಲಿ ಸಿಗುವುದು ಬಹಳ ಸಲ ಕ್ಯಾಸೆಟ್ಟಿನಿಂದಲೋ ಟಿವಿಯಿಂದಲೋ ಇಳಿಸಿಕೊಂಡದ್ದು. ಬಣ್ಣ ಹೋಗಿರುತ್ತದೆ, ಅಂಚು ಕತ್ತರಿಸಿರುತ್ತದೆ. ನಾಳೆ ಇನ್ನೂ ಒಳ್ಳೆಯ ಯಂತ್ರ ಬಂದರೆ ಹೊಸದಾಗಿ ಸ್ಕ್ಯಾನ್ ಮಾಡಲು ಕೈಯಲ್ಲಿ ಫಿಲ್ಮೇ ಇರಬೇಕು. ನಮ್ಮ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಗೆ ಬಂದದ್ದು 1934ರಲ್ಲಿ. ಇವತ್ತು ನೋಡೋಣವೆಂದರೆ ಒಂದು ಪ್ರತಿಯೂ ಇಲ್ಲ. ಕಪ್ಪು-ಬಿಳುಪು ಫಿಲ್ಮಿನಲ್ಲಿ ಬೆಳ್ಳಿ ಇರುತ್ತದೆ, ಗುಜರಿ ಸೇರಿದ ರೀಲನ್ನು ಆ ಚೂರು ಬೆಳ್ಳಿಗಾಗಿ ತೊಳೆದುಬಿಡುತ್ತಾರೆ. ಪುಣೆಯಲ್ಲಿ 1964ರಿಂದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಇದೆ, ಕಾರವಾರದಿಂದ ಒಂದು ರಾತ್ರಿಯ ದಾರಿ. ಅಲ್ಲೂ 2003ರಲ್ಲಿ ಬೆಂಕಿ ಬಿದ್ದು ಬೇಗ ಬೆಂಕಿ ಹತ್ತುವ ಹಳೇ ನೈಟ್ರೇಟ್ ಫಿಲ್ಮಿನ ಚಿತ್ರಗಳು ಸುಟ್ಟುಹೋದವು. ಅಂದ ಮೇಲೆ ಊರೂರಿನಲ್ಲಿ ಉಳಿದ ಪ್ರತಿಗೆ ಎಷ್ಟು ಬೆಲೆ ಇರಬೇಡ? ಆ ಸಂಗ್ರಹಾಲಯಕ್ಕೊಂದು ಪತ್ರ ಬರೆದು ‘ಇಂಥ ಡಬ್ಬಿಗಳಿವೆ, ಬಂದು ನೋಡಿ’ ಎನ್ನಲು ಏನು ಕಷ್ಟವಿತ್ತು? ನಮ್ಮಲ್ಲಿಯ ಉಪ್ಪುಗಾಳಿಗೆ, ತೇವಕ್ಕೆ ನೈಟ್ರೇಟಿನ ನಂತರ ಬಂದ ಅಸಿಟೇಟ್ ಫಿಲ್ಮು ಕೊಳೆತು ವಿನೆಗರಿನ ಹುಳಿ ವಾಸನೆ ಬರುತ್ತದೆ, ಸುರುಟಿಕೊಳ್ಳುತ್ತದೆ, ನಿಜ. ಆದರೆ ಮುಚ್ಚಳ ತೆಗೆದು ಮೂಸಿ ನೋಡಿದವರಾದರೂ ಯಾರು? ಹೊನ್ನಾವರ ಸೀಮೆಯಲ್ಲಿ ಹುಟ್ಟಿದ ಶಂಕರನಾಗ್ ನಮ್ಮವರೆಂದು ಭಾಷಣ ಮಾಡುವ ಜಿಲ್ಲೆ ಇದು!

ಇನ್ನು ಆ ಟ್ರಂಕುಗಳು. ಅದರಲ್ಲಿ ನಮ್ಮ ಮನೆಯ ನೆಗೆಟಿವೂ ಇತ್ತು. ಮೇ ರಜೆಯಲ್ಲಿ ಗೋಕರ್ಣ, ಯಾಣ, ಜೋಗ ಸುತ್ತಿ ಬರಲು ಅಪ್ಪನ ಯಾಶಿಕಾ ಕ್ಯಾಮೆರಾಕ್ಕೆ ಒಂದೇ ರೋಲು, 36 ಫೋಟೊ. ಹಾಗಾಗಿ ಅಪ್ಪ ಬಿಸಿಲು ಯಾವ ಕಡೆ ಇದೆ, ಅಜ್ಜಿಯ ಸೆರಗು ಹಾರುತ್ತಿದೆಯಾ, ತಂಗಿ ಕಣ್ಣು ಮುಚ್ಚಿದ್ದಾಳಾ ಎಲ್ಲ ನೋಡಿಯೇ ಬಟನ್ ಒತ್ತುತ್ತಿದ್ದದ್ದು. ಕಾಳಿ ಸೇತುವೆಯ ಮೇಲೆ ಎಲ್ಲರನ್ನೂ ನಿಲ್ಲಿಸಿ ತೆಗೆದದ್ದೂ ಅದರಲ್ಲಿತ್ತು. ಆ ಸೇತುವೆ 2024ರ ಆಗಸ್ಟಿನಲ್ಲಿ ಕುಸಿದುಬಿತ್ತು. ಅಪ್ಪ, ಅಜ್ಜಿ ಮೊದಲೇ ಹೋದರು. ಆಲ್ಬಮ್ಮಿನ ಫೋಟೊಗಳು ಬೂಷ್ಟು ಹಿಡಿದು ಪ್ಲಾಸ್ಟಿಕ್ಕಿಗೆ ಅಂಟಿವೆ, ಎಳೆದರೆ ಮುಖವೇ ಕಿತ್ತು ಬರುತ್ತದೆ. ನೆಗೆಟಿವ್ ಸಿಕ್ಕಿದ್ದರೆ ಮತ್ತೆ ಪ್ರಿಂಟು ಹಾಕಿಸಬಹುದಿತ್ತು. ಟೆಂಪೊ ಹೋದ ಮೇಲೆ ಕೆಸರಿನಲ್ಲಿ ನೆಗೆಟಿವಿನ ಒಂದು ಪಟ್ಟಿ ಸಿಕ್ಕಿತು. ಒರೆಸಿ ಬೆಳಕಿಗೆ ಹಿಡಿದರೆ, ನೆಗೆಟಿವಿನಲ್ಲಿ ಬಣ್ಣವೆಲ್ಲ ತಿರುವುಮುರುವಲ್ಲವೇ, ಕಿತ್ತಳೆ ಬಣ್ಣದ ಸಮುದ್ರ, ಕಪ್ಪು ಹಲ್ಲು ಬಿಟ್ಟು ನಗುತ್ತಿರುವ ಮಕ್ಕಳು. ಯಾರ ಮನೆಯವರೋ ಗೊತ್ತಿಲ್ಲ, ಇಟ್ಟುಕೊಂಡಿದ್ದೇನೆ.

ಇದೊಂದೇ ಆಗಿದ್ದರೆ ಸುಮ್ಮನಿರಬಹುದಿತ್ತು. ನಮ್ಮ ಓಣಿಯ ಚರಂಡಿಯ ಹೂಳು ತೆಗೆಯಿರಿ ಎಂದು ಪ್ರತಿ ಮಳೆಗಾಲಕ್ಕೆ ಮೊದಲು ಅರ್ಜಿ ಕೊಡುತ್ತೇವೆ, ಅದಕ್ಕೂ ಸೀಲು ಬೀಳುತ್ತದೆ, ಹೂಳು ಅಲ್ಲೇ ಇರುತ್ತದೆ. ಬೀದಿದೀಪ ಕೆಟ್ಟರೆ ಕಂಬದ ನಂಬರು ಕೇಳುತ್ತಾರೆ, ನಂಬರು ಕೊಟ್ಟರೆ ಇದು ನಮ್ಮ ವ್ಯಾಪ್ತಿಯಲ್ಲ ಎನ್ನುತ್ತಾರೆ. ಕಡಲತೀರಕ್ಕೆ ಬಂದ ಪ್ರವಾಸಿಗರು ಶೌಚಾಲಯ ಎಲ್ಲಿ ಎಂದು ನಮ್ಮನ್ನು ಕೇಳುವಾಗ ನಾಚಿಕೆಯಾಗುವುದು ನಮಗೆ, ಅಧಿಕಾರಿಗಳಿಗಲ್ಲ. ಚರಂಡಿಗೆ ವರ್ಷಗಟ್ಟಲೆ ಬಾರದ ಜೆಸಿಬಿ ಟಾಕೀಸಿನ ಬಾಗಿಲಿಗೆ ಬೆಳಗಾಗುವುದರೊಳಗೆ ಬಂದು ನಿಂತಿತ್ತು.

ಆದ್ದರಿಂದ ಆ ರೀಲುಗಳು ಗುಜರಿಯಲ್ಲಿ ಇನ್ನೂ ಉಳಿದಿದ್ದರೆ ಅಧಿಕಾರಿಗಳು ಕೂಡಲೇ ವಾಪಸು ತರಿಸಲಿ. ತರಿಸಲಾಗದಿದ್ದರೆ ತೂಕ ಹಾಕಿಸಿದವರು ಯಾರೆಂದು ಹೇಳಲಿ. ಜಿಲ್ಲೆಯಲ್ಲಿ ಮುಚ್ಚಿಹೋದ ಟಾಕೀಸು, ಸ್ಟುಡಿಯೊಗಳು ಬೇರೆಯೂ ಇವೆ, ಅಲ್ಲಿಯದಕ್ಕಾದರೂ ತೇವವಿಲ್ಲದ ಒಂದು ಕೋಣೆ ಕೊಡಲಿ, ಏನಾದರೊಂದು ವ್ಯವಸ್ಥೆ ಮಾಡಲಿ. ಆ ಚರಂಡಿಯ ಹೂಳನ್ನೂ ತೆಗೆಯಲಿ. ಜನ ಬರೆದುಕೊಟ್ಟ ಅರ್ಜಿ ಓದುವುದಿಲ್ಲವೆಂದರೆ ಇವರಿಗೆಲ್ಲ ಆ ಕುರ್ಚಿ ಕೊಟ್ಟದ್ದು ಯಾತಕ್ಕೆ?

– ಒಬ್ಬ ಓದುಗ, ಕೋಡಿಬಾಗ, ಕಾರವಾರ