ರ‍್ಯಾಮ್ ಜಾಸ್ತಿ ಮಾಡಿ ಅಂತ ಕೊಟ್ಟರೆ ಅದರ ವೇಗವನ್ನೇ ಕಡಿಮೆ ಮಾಡಿ ಕೊಟ್ಟಿದ್ದೀರಿ

ಗ್ರಾಹಕ ಸೇವಾ ವಿಭಾಗದವರಿಗೆ,

ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದವನು. ನಿಮ್ಮ ಕಂಪನಿಯ ಗೇಮಿಂಗ್ ಲ್ಯಾಪ್‌ಟಾಪ್ ಬಳಸುತ್ತಿದ್ದೇನೆ, ವಾರಂಟಿ ಇನ್ನೂ ಇದೆ. ಕೊಂಡಾಗ ಅದರಲ್ಲಿ ಇದ್ದದ್ದು ಡಿಡಿಆರ್4 ಅನ್ನುವ ಬಗೆಯ, 3200 ವೇಗದ 8 ಜಿಬಿ ರ‍್ಯಾಮ್ ಸ್ಟಿಕ್, ಒಂದೇ ಒಂದು. ಪಕ್ಕದ ಸ್ಲಾಟ್ ಖಾಲಿ. ಆ ಖಾಲಿ ಸ್ಲಾಟಿಗೆ ಅಂಥದ್ದೇ ಇನ್ನೊಂದು 8 ಜಿಬಿ ಹಾಕಿ ಕೊಡಿ ಅಂತ ಮಂಗಳೂರಿನ ನಿಮ್ಮ ಅಧಿಕೃತ ಸರ್ವಿಸ್ ಸೆಂಟರಿಗೆ ಕೊಟ್ಟೆ. ಜಾಬ್ ಶೀಟಿನಲ್ಲೂ ಹಾಗೇ ಬರೆದಿದ್ದಾರೆ, ಸೀಲೂ ಇದೆ.

ಮನೆಗೆ ತಂದು ಆನ್ ಮಾಡಿದೆ. 16 ಜಿಬಿ ಅಂತ ತೋರಿಸಿತು. ಆದರೆ ವ್ಯಾಲೊರಂಟ್ ಗೇಮ್ ಆಡುವಾಗ ಹೊಗೆ ಬಾಂಬು ಬಿದ್ದ ಕೂಡಲೇ ಚಿತ್ರ ತಡೆದು ತಡೆದು ಓಡುತ್ತಿತ್ತು, ಸೆಟ್ಟಿಂಗ್ ಎಲ್ಲಾ ಕಡಿಮೆ ಮಾಡಿದರೂ ಅದೇ ಕಥೆ. ಅನುಮಾನ ಬಂದು ಟಾಸ್ಕ್ ಮ್ಯಾನೇಜರ್ ತೆಗೆದು ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ ಒತ್ತಿದರೆ, ಸ್ಲಾಟ್ ಬಳಕೆ ಎರಡರಲ್ಲಿ ಒಂದು, ವೇಗ 2667 (2666ರ ಸ್ಟಿಕ್ಕನ್ನು ಅಲ್ಲಿ ಹಾಗೇ ತೋರಿಸುತ್ತದೆ)! ಅಂದರೆ ನಿಮ್ಮವರು ನನ್ನ 8 ಜಿಬಿಯನ್ನು ಕಿತ್ತು, 2666ರ ಒಂದು 16 ಜಿಬಿ ಸ್ಟಿಕ್ ತುರುಕಿ, ಖಾಲಿ ಸ್ಲಾಟನ್ನು ಖಾಲಿಯಾಗಿಯೇ ಬಿಟ್ಟಿದ್ದಾರೆ. ಬಿಲ್ಲಿನಲ್ಲಿ ಮಾತ್ರ 3200 ಅಂತ ಇದೆ. ಕಿತ್ತ ಸ್ಟಿಕ್ ಎಲ್ಲಿ ಹೋಯಿತು? ಬ್ಯಾಗಿನಲ್ಲೂ ಇಲ್ಲ, ಬಿಲ್ಲಿನಲ್ಲೂ ಇಲ್ಲ.

ಫೋನ್ ಮಾಡಿ ಕೇಳಿದರೆ, "16 ತೋರಿಸ್ತಾ ಇದೆ ಅಲ್ವಾ ಸರ್, ಮತ್ತೇನು?" ಅಂತ ನನ್ನನ್ನೇ ಕೇಳಿದರು.

ಮತ್ತೇನು ಅಂತ ಹೇಳ್ತೇನೆ, ಕೇಳಿ. ಡಿಡಿಆರ್4 3200 ಸ್ಟಿಕ್ ಒಂದರಿಂದ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಮಾಹಿತಿ ಹೋಗಿ ಬರುತ್ತದೆ. ಎರಡು ಸ್ಲಾಟಿಗೂ ಹಾಕಿದರೆ ಡ್ಯುಯಲ್ ಚಾನೆಲ್, ಅಂದರೆ ಒಟ್ಟಿಗೆ ಎರಡು ದಾರಿ ಆಗಿ 51.2. ನನಗೆ ಬೇಕಾಗಿದ್ದದ್ದು ಅದು, ದುಡ್ಡು ಕೊಟ್ಟದ್ದೂ ಅದಕ್ಕೇ. ಈಗ 2666ರ ಒಂದೇ ಸ್ಟಿಕ್ಕಿನಿಂದ ಸಿಗುವುದು 21.3. ಅಂದರೆ ಕೈಯಿಂದ ಹಣ ಕೊಟ್ಟು, ಮೊದಲು ಇದ್ದದ್ದಕ್ಕಿಂತಲೂ ಕಡಿಮೆ. ಜಾಗ ಜಾಸ್ತಿ ಆಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ತಲಪಾಡಿ ಟೋಲಿನಲ್ಲಿ ಗೇಟು ಒಂದೇ ತೆರೆದಿಟ್ಟು, ವಾಹನ ನಿಲ್ಲಿಸಲು ಮಾತ್ರ ಜಾಗ ಅಗಲ ಮಾಡಿದರೆ ಯಾರಿಗೆ ಉಪಕಾರ?

ಗ್ರಾಫಿಕ್ಸ್ ಕಾರ್ಡಿಗೆ ಅದರದ್ದೇ ಮೆಮೊರಿ ಇದೆ, ರ‍್ಯಾಮ್ ವೇಗದಿಂದ ಗೇಮಿಗೆ ಏನೂ ಆಗುವುದಿಲ್ಲ ಅಂತಲೂ ಒಬ್ಬರು ಪಾಠ ಮಾಡಿದರು. ಕಾರ್ಡಿಗೆ ಇರಬಹುದು ಸ್ವಾಮಿ, ಪ್ರೊಸೆಸರಿಗೆ ಬೇಡವಾ? ಇಂಥ ಗೇಮುಗಳಲ್ಲಿ ಜಾಸ್ತಿ ಕೆಲಸ ಬೀಳುವುದು ಪ್ರೊಸೆಸರಿನ ಮೇಲೆಯೇ. ಇನ್ನೊಬ್ಬರು, ಕಂಪ್ಯೂಟರಿನ ಭಾಗಗಳ ವಿವರ ತೋರಿಸುವ ಸಿಪಿಯು-ಝಡ್ ಸಾಫ್ಟ್‌ವೇರ್ ತೆರೆದು ಅಲ್ಲಿ ಕಾಣುವ 1333 ಹೇಳಿ ಅಂದರು, ಹೇಳಿದೆ, "ಹಾಂ, ಡಿಡಿಆರ್‌ಗೆ ಅಲ್ಲಿ ಕಾಣುವುದು ಅರ್ಧ, ಎರಡರಿಂದ ಗುಣಿಸಿ, ಸರಿ ಇದೆ" ಅಂದರು. ಗುಣಿಸಿದೆ. 2666. 3200 ಆಗಿದ್ದರೆ ಅಲ್ಲಿ 1600 ಕಾಣಬೇಕಿತ್ತು ಅಲ್ವಾ? ಅದಕ್ಕೆ ಉತ್ತರ ಇಲ್ಲ. ಕೆಳಗಿನ ಮುಚ್ಚಳ ತೆಗೆದು ಸ್ಟಿಕ್ಕಿನ ಲೇಬಲ್ ಫೋಟೋ ಕಳಿಸುತ್ತೇನೆ ಅಂದರೆ, ನೀವೇ ತೆರೆದರೆ ವಾರಂಟಿ ಹೋಗುತ್ತದೆ ಅಂತ ಹೆದರಿಸುತ್ತಾರೆ.

ಇದಕ್ಕಿಂತ ದೊಡ್ಡ ತಲೆನೋವು ಇನ್ನೊಂದು. ನನ್ನ ಪಿನ್‌ಕೋಡ್ 671ರಿಂದ ಶುರುವಾಗುತ್ತದೆ, ಅಂದರೆ ಕೇರಳ, ಹಾಗಾಗಿ ದೂರು ತನ್ನಷ್ಟಕ್ಕೇ ಕಣ್ಣೂರಿಗೆ ಹೋಗುತ್ತದಂತೆ. ಕಣ್ಣೂರಿನವರು ಕೆಲಸ ಮಾಡಿಸಿದಲ್ಲೇ ಕೇಳಿ ಅನ್ನುತ್ತಾರೆ. ಮಂಗಳೂರಿನವರು ದೂರು ಕಣ್ಣೂರಿನ ಹೆಸರಲ್ಲಿ ಇದೆ, ನಾವು ಮುಟ್ಟುವ ಹಾಗಿಲ್ಲ ಅನ್ನುತ್ತಾರೆ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿ.ಮೀ., ಕಣ್ಣೂರಿಗೆ ಹತ್ತಿರ ಹತ್ತಿರ ಅದರ ಎರಡರಷ್ಟು. ನಮ್ಮ ಕಡೆಯವರು ಆಸ್ಪತ್ರೆಗೆ, ಕಾಲೇಜಿಗೆ, ಮದುವೆ ಜವಳಿಗೆ ಎಲ್ಲಾ ಮಂಗಳೂರು ಬಸ್ಸು ಹತ್ತುವವರು. 1956ರಲ್ಲಿ ರಾಜ್ಯಗಳ ಗೆರೆ ಎಳೆದವರು ನಮ್ಮ ಮಾತು ಕೇಳಲಿಲ್ಲ, ಈಗ ನಿಮ್ಮ ಸಾಫ್ಟ್‌ವೇರೂ ಕೇಳುವುದಿಲ್ಲ. ದುಡ್ಡು ತೆಗೆದುಕೊಳ್ಳುವಾಗ ಮಾತ್ರ ಪಿನ್‌ಕೋಡ್ ಯಾರೂ ಕೇಳಲಿಲ್ಲ ನೋಡಿ.

ಈಗ ಆಗಬೇಕಾದದ್ದು ಇಷ್ಟು. ದೂರನ್ನು ಮಂಗಳೂರಿಗೆ ಬದಲಾಯಿಸಿ. ನನ್ನ ಹಳೆಯ 8 ಜಿಬಿ ಸ್ಟಿಕ್ಕನ್ನೇ ಮೊದಲ ಸ್ಲಾಟಿಗೆ ವಾಪಸ್ ಹಾಕಿ, ಪಕ್ಕದಲ್ಲಿ 3200ರ ಇನ್ನೊಂದು 8 ಜಿಬಿ ಹಾಕಿ. ಆ ಹಳೆಯ ಸ್ಟಿಕ್ ಕಳೆದುಹೋಗಿದ್ದರೆ ಎರಡೂ ಹೊಸತೇ ಹಾಕಿ ಕೊಡಿ, ಬೇರೆ ಯಾರದ್ದೋ ಲ್ಯಾಪ್‌ಟಾಪಿನಿಂದ ಕಿತ್ತದ್ದು ಬೇಡ. ಆ 16 ಜಿಬಿ ನೀವೇ ಇಟ್ಟುಕೊಳ್ಳಿ, ಬಿಲ್ಲಿನಲ್ಲಿ ಜಾಸ್ತಿ ತೆಗೆದುಕೊಂಡ ಹಣ ವಾಪಸ್ ಕೊಡಿ. ಮೆಮೊರಿ ಟೆಸ್ಟ್ ಓಡಿಸಿ, ಎರಡು ಸ್ಲಾಟೂ ವೇಗವೂ ನನ್ನೆದುರೇ ಪರದೆಯಲ್ಲಿ ತೋರಿಸಿ, ಅದನ್ನು ಜಾಬ್ ಶೀಟಿನಲ್ಲಿ ಬರೆದು ಕೊಡಿ.

ಹದಿನೈದು ದಿನ ಕಾಯುತ್ತೇನೆ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ. ಅದಕ್ಕೂ ಬಗ್ಗದಿದ್ದರೆ ಗ್ರಾಹಕ ಆಯೋಗಕ್ಕೆ. 2019ರ ಗ್ರಾಹಕ ಕಾನೂನಿನ ಪ್ರಕಾರ ನಾನು ವಾಸವಾಗಿರುವ ಜಿಲ್ಲೆಯಲ್ಲೇ ಕೇಸು ಹಾಕಬಹುದು, ಆಗ ನಿಮ್ಮವರೇ ಕಾಸರಗೋಡಿಗೆ ಬರಬೇಕಾಗುತ್ತದೆ.

ಬಿಲ್ಲು, ಜಾಬ್ ಶೀಟು, ಸ್ಕ್ರೀನ್‌ಶಾಟ್ ಎಲ್ಲಾ ಜೊತೆಗೆ ಇಟ್ಟಿದ್ದೇನೆ. ಫೋನ್ ಮಾಡುವುದಾದರೆ ಸಂಜೆ ಆರರ ನಂತರ ಮಾಡಿ. ಉತ್ತರ ಮಾತ್ರ ಬರಹದಲ್ಲೇ ಬೇಕು.

ಇಂತಿ,
ಬದಿಯಡ್ಕದ ನಿಮ್ಮ ಗ್ರಾಹಕ