ಲೇತ್ ಕೊಡುವಾಗ ಗೇರ್‌ಗಳನ್ನು ಬೇರೆ ಮಾಡಬೇಡಿ

ಮಾನ್ಯ ಸಂಪಾದಕರೇ,

ಹಿರಿಯರು ತೀರಿಕೊಂಡ ಬಳಿಕ ಅವರ ಕಾರ್ಯಾಗಾರವನ್ನು ಖಾಲಿ ಮಾಡುವವರು ಲೋಹದ ತುಂಡನ್ನು ತಿರುಗಿಸುತ್ತಾ ಉಳಿಯಿಂದ ಕತ್ತರಿಸಿ ರೂಪ ಕೊಡುವ ಹಳೆಯ ಲೇತ್ ಯಂತ್ರವನ್ನು ಯಾರಿಗೋ ಮಾರಿ, ಅದರ ಜೊತೆಗಿದ್ದ ಗೇರ್‌ಗಳ ಡಬ್ಬವನ್ನು ಗುಜರಿಗೆ ಹಾಕುವುದನ್ನು ನಾನು ಹಲವು ಬಾರಿ ಕಂಡಿದ್ದೇನೆ. ಆ ಯಂತ್ರ ಬೆಳೆದು ಬಂದ ಬಗೆ ಗೊತ್ತಿದ್ದರೆ ಯಾರೂ ಹಾಗೆ ಮಾಡಲಾರರು ಎಂಬ ನಂಬಿಕೆಯಿಂದ ಈ ಪತ್ರ ಬರೆಯುತ್ತಿದ್ದೇನೆ.

1800ರ ಸುಮಾರಿಗೆ ಲಂಡನ್ನಿನ ಹೆನ್ರಿ ಮಾಡ್‌ಸ್ಲೇ ಅವರು ಸ್ಲೈಡ್ ರೆಸ್ಟ್ (ಉಳಿಯನ್ನು ಹಿಡಿದು ಸರಿಸುವ ಭಾಗ), ಲೀಡ್‌ಸ್ಕ್ರೂ (ಅದನ್ನು ಸಾಗಿಸುವ ಉದ್ದನೆಯ ತಿರುಪು) ಹಾಗೂ ಬದಲಿಸಬಹುದಾದ ಗೇರ್‌ಗಳನ್ನು ಒಂದೇ ಲೇತ್‌ನಲ್ಲಿ ಕೂಡಿಸಿದ ಮೇಲೆ, ತಿರುಪಿನ ಸುತ್ತುಗಳ, ಅಂದರೆ ಥ್ರೆಡ್ಡಿನ, ನಿಖರತೆಗೆ ಕೈಚಳಕದ ಬದಲು ಹಲ್ಲುಗಳ ಲೆಕ್ಕವೇ ಆಧಾರವಾಯಿತು. ಅದೇ ಏರ್ಪಾಡು ಇಪ್ಪತ್ತನೆಯ ಶತಮಾನದಲ್ಲಿ ಹವ್ಯಾಸಿಗಳ ಕೈಗೆಟುಕಿತು. ಇಂಗ್ಲೆಂಡಿನ ಡ್ರಮಂಡ್ ಸಹೋದರರ ಲೇತ್‌ಗಳನ್ನು ಹೊಲಿಗೆ ಯಂತ್ರದಂತೆ ಕಾಲಿನಲ್ಲಿ ತುಳಿದು ನಡೆಸಬಹುದಿತ್ತು. ಅಮೆರಿಕದಲ್ಲಿ 1906ರಲ್ಲಿ ಆರಂಭವಾದ ಸೌತ್ ಬೆಂಡ್ ಕಂಪನಿಯ ಒಂಬತ್ತು ಇಂಚಿನ ಲೇತ್ ಮನೆಮನೆಯ ಕಾರ್ಯಾಗಾರಗಳನ್ನು ಹೊಕ್ಕಿತು. ಅಟ್ಲಾಸ್ ಕಂಪನಿ ಗೇರ್‌ಗಳನ್ನು ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದು ಖರ್ಚು ತಗ್ಗಿಸಿತು.

ಇವೆಲ್ಲಕ್ಕಿಂತ ನನಗೆ ಹೆಚ್ಚು ಪ್ರಿಯವಾದದ್ದು ನಾಟಿಂಗ್‌ಹ್ಯಾಮ್ ಬಳಿಯ ಬೀಸ್ಟನ್‌ನಲ್ಲಿ ಮೈಫೋರ್ಡ್ ಕಂಪನಿಯವರು 1946ರಲ್ಲಿ ಹೊರತಂದ ಎಂಎಲ್ 7. ಅದರ ಬೇರಿಂಗ್ ಸವೆದು ಸಡಿಲವಾದರೆ, ಮುಚ್ಚಳದ ಅಡಿಯಲ್ಲಿರುವ ಪದರ ಪದರವಾದ ಶಿಮ್ ಎಂಬ ತಗಡಿನಿಂದ ಒಂದು ತೆಳು ಪದರವನ್ನು ಚಾಕುವಿನ ತುದಿಯಿಂದ ಸುಲಿದು, ಮುಚ್ಚಳವನ್ನು ಮತ್ತೆ ಬಿಗಿದರೆ ಸಾಕು, ಕೆಲಸದ ತುಂಡನ್ನು ತಿರುಗಿಸುವ ಸ್ಪಿಂಡಲ್ ಮೊದಲಿನಂತೆ ತಿರುಗುತ್ತದೆ. ಮಾಲೀಕನೇ ರಿಪೇರಿ ಮಾಡಿಕೊಳ್ಳಬೇಕೆಂದು ಯೋಚಿಸಿ ಕಟ್ಟಿದ ಯಂತ್ರವದು. ತುಂಡನ್ನು ಹಿಡಿಯುವ ಚಕ್‌ನ ಹತ್ತಿರ ಬೆಡ್ (ಯಂತ್ರದ ಉದ್ದನೆಯ ತಳಹದಿ) ಸವೆದು, ಅಲ್ಲಿ ಸರಿಯಾಗಿ ಕೂರುವ, ಉಳಿಯನ್ನು ಹೊತ್ತು ಜಾರುವ ಕ್ಯಾರೇಜ್ ಇನ್ನೊಂದು ತುದಿಯ ಟೇಲ್‌ಸ್ಟಾಕ್ ಕಡೆಗೆ ಹೋದಂತೆ ಬಿಗಿಯಾಗುವುದು ಹಳೆಯ ಲೇತ್‌ಗಳಲ್ಲಿ ಸಾಮಾನ್ಯ. ಆದರೆ ಅದನ್ನೂ ತಾಳ್ಮೆಯಿಂದ ಹೆರೆದು ಸರಿಪಡಿಸಬಹುದು.

ಸರಿಪಡಿಸಲಾಗದ್ದು ಕಳೆದುಹೋದ ಗೇರ್ ಮಾತ್ರ. ಒಂದು ಇಂಚೆಂದರೆ 25.4 ಮಿಲಿಮೀಟರ್, ಐದು ಇಂಚಿಗೆ ಸರಿಯಾಗಿ 127 ಮಿಲಿಮೀಟರ್. ಈ ಅನುಪಾತವನ್ನು ಗೇರ್ ಹಲ್ಲುಗಳ ಸಂಖ್ಯೆಯಲ್ಲೇ ತರಬೇಕಾದ್ದರಿಂದ ಇಂಚಿನ ಲೀಡ್‌ಸ್ಕ್ರೂ ಇರುವ ಲೇತ್‌ನಲ್ಲಿ ಕರಾರುವಾಕ್ಕಾದ ಮಿಲಿಮೀಟರ್ ಥ್ರೆಡ್ ಕತ್ತರಿಸಲು 127 ಹಲ್ಲಿನ ಗೇರ್ ಬೇಕಾಗುತ್ತದೆ. ಆ ದೊಡ್ಡ ಗೇರ್ ಯಾವುದೋ ಬೇರೆ ಯಂತ್ರದ ಚಕ್ರವೆಂದು ಭಾವಿಸಿ ಎಸೆಯುವವರೇ ಹೆಚ್ಚು. ಲೇತ್ ಕೊಡುವ ಮುನ್ನ ದಯವಿಟ್ಟು ಬೆಂಚಿನ ಕೆಳಗೆ, ಕಪಾಟಿನ ಹಿಂದೆ ಒಮ್ಮೆ ಹುಡುಕಿ, ಹಲ್ಲಿರುವ ಪ್ರತಿಯೊಂದು ಚಕ್ರವನ್ನೂ ಅದರ ಜೊತೆಗೇ ಕಳುಹಿಸಿಕೊಡಬೇಕೆಂದು ಕೋರುತ್ತೇನೆ.

– ಓದುಗರೊಬ್ಬರು